ಹುಚ್ಚೆಳ್ಳು ಹುಟ್ಟದ ವರ್ಷ

ಹುಚ್ಚೆಳ್ಳು ಬೆಳೆಯುವುದಕ್ಕೆ ಏನೂ ಬೇಕಾಗಿಲ್ಲ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಗೊಬ್ಬರ ಕೇಳುವುದಿಲ್ಲ, ಒಂದೆರಡು ಹದ ಮಳೆ ಬಿದ್ದರೆ ಸಾಕು, ಆಮೇಲೆ ಆಕಾಶ ಮುನಿಸಿಕೊಂಡರೂ ಅದು ಮುನಿಸಿಕೊಳ್ಳುವುದಿಲ್ಲ. ದನಗಳು ಬಾಯಿ ಹಾಕುವುದಿಲ್ಲ. ಹೋದ ವರ್ಷ ಕಣದ ಪಕ್ಕ ಉದುರಿದ ಕಾಳು ಈ ವರ್ಷ ತಾನಾಗಿಯೇ ಹುಟ್ಟಿ, ಯಾರನ್ನೂ ಕೇಳದೆ ಹಳದಿ ಹೂ ಬಿಟ್ಟುಕೊಂಡು ಬೇಲಿ ಪಕ್ಕ ನಿಂತಿರುತ್ತದೆ. ಸೇವಂತಿಗೆ, ಸೂರ್ಯಕಾಂತಿಗಳ ಬಳಗದ್ದೇ ಗಿಡವಾದರೂ ಅವುಗಳ ಬಿಂಕ ಇದಕ್ಕಿಲ್ಲ. ಅಂಥ ಗಿಡ ಒಂದು ವರ್ಷ ನಮ್ಮ ಹೊಲದಲ್ಲಿ ಹುಟ್ಟಲಿಲ್ಲ. ಕಾರಣ ನಾನು. ಅನುಭವಿಸಿದವರು ನಮ್ಮತ್ತೆ.

ನನ್ನ ತವರು ಜಂಗಮಕೋಟೆಯ ಹತ್ತಿರ. ನನಗೆ ಗೊತ್ತಿದ್ದ ಬೇಸಾಯವೆಂದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ರೇಷ್ಮೆ ಹುಳಕ್ಕೆ ಹಾಕುವುದು, ಹುಳದ ಕೆಳಗಿನ ಕಸ ತೆಗೆಯುವುದು. ಹುಳಗಳಿಗೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ. ಮದುವೆಯಾಗಿ ನಗರಗೆರೆ ಕಡೆಯ ಹಳ್ಳಿಗೆ ಬಂದಾಗ, ಇಲ್ಲಿ ಹುಳ ಸಾಕುವುದಿಲ್ಲವಲ್ಲ, ಇನ್ನಾದರೂ ಕಣ್ಣು ತುಂಬ ನಿದ್ದೆ ಮಾಡಬಹುದು ಎಂದು ಖುಷಿಪಟ್ಟಿದ್ದೆ. ಎಂಬತ್ತರ ದಶಕದ ನಡುವೆ ನನಗೆ ಪ್ರೈಮರಿ ಸ್ಕೂಲಿನ ಕೆಲಸ ಸಿಕ್ಕಿತು. ಸಿಕ್ಕಿದ್ದು ವಿದುರಾಶ್ವತ್ಥದ ಆಚೆಗಿನ ಒಂದು ಊರಿನಲ್ಲಿ. ಬೆಳಿಗ್ಗೆ ಒಂದು ಬಸ್ಸು ಹಿಡಿದು ಗೌರಿಬಿದನೂರು, ಅಲ್ಲಿಂದ ಇನ್ನೊಂದು ಬಸ್ಸು, ಇಳಿದ ಮೇಲೆ ನಡಿಗೆ. ಸಂಜೆ ಅದೇ ಮೂರನ್ನು ತಿರುವುಮುರುವು ಮಾಡಿ ಮನೆ ಸೇರುತ್ತಿದ್ದೆ. ಊರಿನವರಿಗೆ ನಾನು ಟೀಚರಮ್ಮ, ಸಂಬಳ ತರುವ ಸೊಸೆ. ಕೊಟ್ಟಿಗೆಯ ಹಸುಗಳಿಗೆ ಅದೊಂದೂ ತಿಳಿಯದು. ಸಗಣಿ ಎಂದಿನಷ್ಟೇ ಬೀಳುತ್ತಿತ್ತು. ಆ ವರ್ಷಗಳ ಬಗ್ಗೆ ಏನು ನೆನಪಿದೆ ಎಂದು ಯಾರಾದರೂ ಕೇಳಿದರೆ, ಸುಸ್ತು ಎನ್ನುವುದನ್ನು ಬಿಟ್ಟು ನನಗೆ ಬೇರೆ ಮಾತು ಹೊಳೆಯುವುದಿಲ್ಲ.

ಅತ್ತೆ ನನ್ನ ಮದುವೆಗೆ ಮುಂಚೆಯೇ ಗಂಡನನ್ನು ಕಳೆದುಕೊಂಡಿದ್ದರು. ಮದುವೆಮನೆಗಳಲ್ಲಿ, ನಾಮಕರಣಗಳಲ್ಲಿ ಅವರಾಗಿಯೇ ಹಿಂದೆ, ಗೋಡೆಯ ಪಕ್ಕ ನಿಲ್ಲುತ್ತಿದ್ದರು. ಯಾರೂ ಬಾ ಎನ್ನುತ್ತಿರಲಿಲ್ಲ, ಇವರೂ ಹೋಗುತ್ತಿರಲಿಲ್ಲ. ಆದರೆ ಬಿತ್ತನೆಯ ದಿನ ಮಾತ್ರ ಊರೆಲ್ಲ ಅವರನ್ನು ಮುಂದಕ್ಕೆ ಕರೆಯುತ್ತಿತ್ತು. ಏಕೆಂದರೆ ಅವರದು ಕೈಗುಣದ ಕೈ. ಅವರು ಬಿಟ್ಟ ಕಾಳು ಹುಸಿಹೋಗುವುದಿಲ್ಲ ಎಂದು ಸುತ್ತಲ ನಾಲ್ಕು ಹಳ್ಳಿಯಲ್ಲಿ ನಂಬಿಕೆ. ಮಳೆ ಬಿದ್ದ ಮಾರನೆಯ ದಿನ ನಮ್ಮ ಜಗಲಿಯಲ್ಲಿ ಒಬ್ಬರಲ್ಲ ಒಬ್ಬರು ಬಂದು ಕೂತಿರುತ್ತಿದ್ದರು. "ಅಕ್ಕಾ, ಒಂದ್ ಸಾಲು ಬಿಟ್ಟು ಬಂದ್ಬಿಡು. ನೀನು ಶುರು ಮಾಡ್ಕೊಟ್ರೆ ಸಾಕು, ಆಮೇಲೆ ನಮ್ಮೋರು ನೋಡ್ಕೊಂತಾರೆ." ಅತ್ತೆ ಬೇಡವೆನ್ನುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊರಡುವಾಗ ಅವರ ನಡಿಗೆಯೇ ಬೇರೆ.

ನಮ್ಮ ಕಡೆ ರಾಗಿಯನ್ನು ಒಂಟಿಯಾಗಿ ಬಿತ್ತುವುದಿಲ್ಲ. ಎತ್ತು ಕಟ್ಟಿದ ಕೂರಿಗೆಯಲ್ಲಿ ರಾಗಿ ಬೀಳುತ್ತಾ ಹೋದರೆ, ಅದರ ಹಿಂದೆಯೇ ಹಗ್ಗಕ್ಕೆ ಕಟ್ಟಿದ ಬಿದಿರಿನ ಕೊಳವೆಯನ್ನು ಹಿಡಿದು ಹೆಂಗಸರು ನಡೆಯುತ್ತಾರೆ. ಆ ಕೊಳವೆಗೆ ಸಡ್ಡೆ ಎನ್ನುತ್ತಾರೆ. ಒಂದು ಸಡ್ಡೆಯಲ್ಲಿ ಅವರೆ, ಇನ್ನೊಂದರಲ್ಲಿ ಹುಚ್ಚೆಳ್ಳು. ರಾಗಿಯ ಇಂತಿಷ್ಟು ಸಾಲಿಗೆ ಇವುಗಳದು ಒಂದೊಂದು ಸಾಲು, ಅದೇ ಅಕ್ಕಡಿ. ರಾಗಿ ಕೈಕೊಟ್ಟ ವರ್ಷವೂ ಅಕ್ಕಡಿ ಏನಾದರೂ ಕೊಡುತ್ತದೆ. ಹುಚ್ಚೆಳ್ಳಿನ ಸಡ್ಡೆ ಹಿಡಿಯುವುದು ಕಷ್ಟ. ಕಾಳು ಸಣ್ಣದು, ನುಣುಪು. ಬೆರಳು ಸ್ವಲ್ಪ ಸಡಿಲವಾದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಅದಕ್ಕೇ ಜರಡಿ ಹಿಡಿದ ಮರಳು ಬೆರೆಸಿ ಬಿಡುತ್ತಾರೆ. ಬೆರೆಸುವ ಕೆಲಸವನ್ನು ಅತ್ತೆ ಯಾರಿಗೂ ಕೊಡುತ್ತಿರಲಿಲ್ಲ.

ಬೀಜವನ್ನು ಅವರು ಒಣಗಿದ ಸೋರೆಬುರುಡೆಯಲ್ಲಿ ಇಟ್ಟು, ಬಾಯಿಗೆ ಬಟ್ಟೆ ತುರುಕಿ, ಅಡುಗೆಮನೆಯ ತೊಲೆಗೆ ನೇತುಹಾಕುತ್ತಿದ್ದರು. ಆ ವರ್ಷ ಇಲಿ ಬುರುಡೆಯನ್ನು ಕಡಿದುಹಾಕಿತು. ಸ್ಕೂಲಿನಲ್ಲಿ ಖಾಲಿಯಾದ ಹಾಲಿನಪುಡಿಯ ಡಬ್ಬಗಳನ್ನು ನಾನು ತಂದು ಜೋಡಿಸಿಟ್ಟಿದ್ದೆ. ಉಳಿದ ಬೀಜವನ್ನು ಒಂದು ಡಬ್ಬಕ್ಕೆ ಸುರಿದು ಬಿಗಿಯಾಗಿ ಮುಚ್ಚಿದೆ.

"ಡಬ್ಬದಾಗೆ ಬೀಜಕ್ಕೆ ಉಸಿರು ಕಟ್ಟಲ್ವೇನಮ್ಮ?" ಎಂದರು ಅತ್ತೆ.

"ಇಲಿ ಹೊಟ್ಟೇಲಿ ಇದಕ್ಕಿಂತ ಚೆನ್ನಾಗಿ ಉಸಿರಾಡುತ್ತಾ ಅತ್ತೆ?" ಎಂದೆ. ಅವರು ನಕ್ಕು ಸುಮ್ಮನಾದರು. ಅಡುಗೆಮನೆಯಲ್ಲಿ ನನ್ನ ಒಂದು ಮಾತು ನಡೆಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರು ಶಿಡ್ಲಘಟ್ಟದವರು, ಮನೆಯಲ್ಲಿ ಉರ್ದು ಮಾತಾಡುವವರು. ನಮ್ಮ ಮನೆಯ ಹುಚ್ಚೆಳ್ಳಿನ ಚಟ್ನಿಪುಡಿ ಎಂದರೆ ಅವರಿಗೆ ಪ್ರಾಣ. ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೆ ಮುಂಚೆಯೇ ಅವರ ಕೈ ಬಂದಿರುತ್ತಿತ್ತು. ಊರಿಗೆ ಹೋಗುವಾಗ ಅಮ್ಮನಿಗೂ ಒಯ್ಯಬೇಕು, ಸ್ವಲ್ಪ ಜಾಸ್ತಿ ಮಾಡಿಕೊಡಿ ಎಂದಿದ್ದರು. ಒಂದು ಭಾನುವಾರ ಅಡುಗೆಗೆಂದು ಬೇರೆ ಇಟ್ಟಿದ್ದ ಹುಚ್ಚೆಳ್ಳನ್ನೆಲ್ಲ ಬಾಣಲೆಗೆ ಹಾಕಿ, ಚಟಪಟ ಅನ್ನುವವರೆಗೆ ಹುರಿದೆ. ಕುಟ್ಟುವುದಕ್ಕೆ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ನಾಳೆ ಕುಟ್ಟಿದರಾಯಿತೆಂದು ಆರಲು ಬಿಟ್ಟು, ಆಮೇಲೆ ಅಂಥದ್ದೇ ಇನ್ನೊಂದು ಡಬ್ಬಕ್ಕೆ ತುಂಬಿ ಮೊದಲನೆಯದರ ಪಕ್ಕದಲ್ಲೇ ಇಟ್ಟೆ.

ಸೋಮವಾರ ಸಂಜೆ ಮಳೆ ಬಂತು. ಎಷ್ಟೋ ದಿನದಿಂದ ಕಾಯಿಸಿದ ಮಳೆ. ಮಂಗಳವಾರ ಬೆಳಕು ಹರಿಯುವಷ್ಟರಲ್ಲಿ ಊರಿಗೆ ಊರೇ ಕೂರಿಗೆ ಹೊತ್ತು ಹೊಲದ ಕಡೆ ಹೊರಟಿತ್ತು. ಅತ್ತೆಯನ್ನು ಊರಿನವರೊಬ್ಬರು ತಮ್ಮ ಹೊಲದ ಮೊದಲ ಸಾಲಿಗೆಂದು ಆಗಲೇ ಕರೆದೊಯ್ದಿದ್ದರು. ಹೋಗುವಾಗ, "ನಮ್ದಕ್ಕೆ ಬೀಜ ನೀನೇ ಬೆರೆಸಿ ಕಳಿಸ್ಬಿಡಮ್ಮ, ನಾನು ಹಂಗೇ ಹೊಲಕ್ಕೆ ಬರ್ತೀನಿ" ಎಂದಿದ್ದರು. ನನಗೆ ಬಸ್ಸಿನ ಆತುರ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಯಜಮಾನರು ಹೊರಗೆ ಎತ್ತು ಹೂಡಿಕೊಂಡು "ಆಯ್ತೇನೇ?" ಎಂದು ಎರಡನೇ ಸಲ ಕೂಗಿದರು. ಡಬ್ಬ ತೆಗೆದೆ, ಮೊರಕ್ಕೆ ಸುರಿದೆ, ಮರಳು ಬೆರೆಸಿದೆ, ಗಂಟು ಕಟ್ಟಿ ಅವರ ಕೈಗಿತ್ತೆ. ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು. ಗೌರಿಬಿದನೂರಿನ ತನಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆದೆ.

ವಾರ ಕಳೆಯಿತು. ರಾಗಿ ಹುಟ್ಟಿತು. ಅವರೆಯೂ ಮಣ್ಣೆತ್ತಿಕೊಂಡು ಬಂತು. ಅದರ ಸಡ್ಡೆ ಹಿಡಿದಿದ್ದವಳು ಪಕ್ಕದ ಹೊಲದವಳು, ನನ್ನ ವಯಸ್ಸಿನವಳೇ. ಹುಚ್ಚೆಳ್ಳಿನ ಸಾಲುಗಳು ಮಾತ್ರ ಬೋಳು. ಮೊದಲು ಇರುವೆ ಹೊತ್ತುಕೊಂಡು ಹೋಗಿರಬೇಕು ಎಂದರು. ಆಮೇಲೆ ಆಳಕ್ಕೆ ಬಿದ್ದಿರಬೇಕು ಎಂದರು. ಮತ್ತೆರಡು ದಿನವಾದ ಮೇಲೆ ಯಾರೂ ಏನೂ ಹೇಳಲಿಲ್ಲ. ಅಷ್ಟರಲ್ಲಿ ನಲ್ಲಿಯ ಹತ್ತಿರ ಮಾತು ಶುರುವಾಗಿತ್ತು. ನಾನು ಬಿಂದಿಗೆ ಹಿಡಿದು ಹೋದಾಗ ತೆಲುಗಿನಲ್ಲಿ ನಡೆಯುತ್ತಿದ್ದ ಮಾತು ನಿಂತುಹೋಯಿತು. ಪಕ್ಕದ ಹೊಲದವಳು ಕನಿಕರದಿಂದಲೇ ಹೇಳಿದಳು: "ಬಿತ್ತದೇ ಹುಟ್ಟೋ ಗಿಡ ಟೀಚರಮ್ಮ ಅದು. ಅದೇ ಹುಟ್ಟಲಿಲ್ಲ ಅಂದ್ರೆ, ಪಾಪಂ, ನಿಮ್ಮತ್ತೆ ಕೈ ಸೋತೋಯ್ತು."

ಜೋಳವೋ ಹುರುಳಿಯೋ ಕೈಕೊಟ್ಟಿದ್ದರೆ ಜನ ಮಳೆಯನ್ನು ಬೈಯುತ್ತಿದ್ದರು. ಹುಚ್ಚೆಳ್ಳಿಗೆ ಅಂಥ ನೆಪವಿರಲಿಲ್ಲ.

ಆ ಭಾನುವಾರ, ಚಟ್ನಿಪುಡಿಯ ಋಣ ಇನ್ನೂ ಬಾಕಿಯಿದೆ ಎಂದು ಡಬ್ಬ ತೆಗೆದು ಒರಳಿಗೆ ಸುರಿದೆ. ನಾಲ್ಕು ಏಟು ಹಾಕಿದೆ. ಘಮ್ಮೆನ್ನಬೇಕಾಗಿದ್ದದ್ದು ಘಮ್ಮೆನ್ನಲಿಲ್ಲ, ಒನಕೆಗೆ ಜಿಡ್ಡು ಮೆತ್ತಿತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಸಿ ಕಾಳು. ಕಹಿ ಒಗರು. ಒರಳಿನ ಮುಂದೆ ಹಾಗೆಯೇ ಕುಳಿತೆ. ಹೊಲಕ್ಕೆ ಹೋಗಿದ್ದು ನಾನು ಹುರಿದ ಹುಚ್ಚೆಳ್ಳು. ಪಾಪ, ಅತ್ತೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಗ್ಗಿ ನಡೆದು, ಸಾಲು ಸಾಲಿಗೆ ಬಿತ್ತಿದ್ದು ಚಟ್ನಿಪುಡಿಯ ಕಾಳನ್ನು.

ಆಗಲೇ ಎದ್ದು ಹೋಗಿ ಹೇಳಬಹುದಾಗಿತ್ತು. ಅತ್ತೆ ಹಿತ್ತಲಲ್ಲೇ ಇದ್ದರು, ಕರುವಿಗೆ ನೀರು ಕುಡಿಸುತ್ತಿದ್ದರು. ಹೇಳಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೋ ಏನೋ. ಊರೆಲ್ಲ ನನ್ನನ್ನು ಒಂದು ವರ್ಷ ಆಡಿಕೊಳ್ಳುತ್ತಿತ್ತು. ಓದಿದ ಸೊಸೆ ಹುರಿದ ಬೀಜ ಕಳಿಸಿದಳು ಎಂದು ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಕೊನೆಗೆ ಸ್ಕೂಲಿನವರೆಗೂ ಹರಡುತ್ತಿತ್ತು. "ಕೆಲಸ ಬಿಟ್ಟು ಮನೇಲಿರು ಅಂದ್ರೆ ಕೇಳಲಿಲ್ಲ" ಎಂದು ಯಜಮಾನರು ಶುರು ಮಾಡುತ್ತಿದ್ದರು. ಅದನ್ನೆಲ್ಲ ಎದುರಿಸುವ ತ್ರಾಣ ನನಗಿರಲಿಲ್ಲ. ಇನ್ನೂ ಒಂದು ಕಾರಣವಿತ್ತು, ಬರೆಯಲು ನಾಚಿಕೆಯಾಗುತ್ತದೆ. ಅತ್ತೆಯ ಕೈ, ಅತ್ತೆಯ ಕೈ ಎಂದು ಊರು ಹಾಡಿಹೊಗಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ನಾನು ದಿನಕ್ಕೆ ಎಷ್ಟು ಪಾತ್ರೆ ತೊಳೆದರೂ ನನ್ನ ಕೈಯ ಬಗ್ಗೆ ಯಾರೂ ಒಂದು ಮಾತಾಡಿರಲಿಲ್ಲ. ಅವರ ಹೆಸರು ಸ್ವಲ್ಪ ಇಳಿದರೆ ಇಳಿಯಲಿ ಎಂದು ಒಂದು ಗಳಿಗೆಯಾದರೂ ನನಗೆ ಅನ್ನಿಸಿದ್ದು ನಿಜ.

ಅಂದು ಸಂಜೆಯೇ ಯಜಮಾನರು, "ನೆಲದಲ್ಲಿ ಇನ್ನೂ ಹದ ಐತೆ, ಹುಚ್ಚೆಳ್ಳು ತಡವಾದ್ರೂ ಆಗುತ್ತೆ, ಸಾಲಿಗೆ ಇನ್ನೊಂದು ಸಲ ಬಿಡೋಣಮ್ಮ" ಎಂದು ಅತ್ತೆಗೆ ಹೇಳಿದರು.

ಅತ್ತೆ, "ನಾನು ಬೇಡ. ಪಕ್ಕದ್ ಹೊಲದೋಳ್ನ ಕರಿ, ಅವಳು ಬಿಟ್ಟ ಅವರೆ ಚೆನ್ನಾಗಿ ಬಂದೈತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೀಜ ಉಳ್ದೈತೇನಮ್ಮ?" ಎಂದು ಕೇಳಿದರು.

"ಐತೆ ಅತ್ತೆ" ಎಂದು ನಾನು ಒಳಗೆ ಹೋಗಿ ಡಬ್ಬ ತಂದುಕೊಟ್ಟೆ. ಒರಳಿಗೆ ಸುರಿದು ಉಳಿದಿದ್ದಷ್ಟು ಹಸಿ ಬೀಜ ಅದರಲ್ಲಿತ್ತು. ನಾನು ಮೊದಲು ಮಾಡಿದ್ದು ಕಣ್ತಪ್ಪು. ಇದನ್ನು ಮಾತ್ರ ಕಣ್ತಪ್ಪು ಎಂದು ಹೇಳಿ ಜಾರಿಕೊಳ್ಳಲಾರೆ, ಗೊತ್ತಿದ್ದೂ ಮಾಡಿದ್ದು.

ಪಕ್ಕದ ಹೊಲದವಳು ಬಿಟ್ಟ ಕಾಳು ಐದನೇ ದಿನಕ್ಕೆ ಹುಟ್ಟಿತು. ದೀಪಾವಳಿಯ ಹೊತ್ತಿಗೆ ರಾಗಿ ತೆನೆಯಾಗಿ ಬಾಗಿದಾಗ ನಡುನಡುವೆ ಹಳದಿ ಸಾಲುಗಳು ಎದ್ದು ನಿಂತವು. ಅಷ್ಟು ಒತ್ತಾಗಿ ಹೂ ಬಿಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಜೇನುಹುಳಗಳ ಸದ್ದು ದಾರಿಯವರೆಗೂ ಕೇಳುತ್ತಿತ್ತು. ಹೊಲದ ಪಕ್ಕದ ದಾರಿಯಲ್ಲಿ ಬಸ್ಸಿಗೆ ನಡೆದು ಹೋಗುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ. ಅತ್ತೆ ಹಬ್ಬಕ್ಕೆ ಒಂದು ಹಿಡಿ ಹೂ ಕಿತ್ತು ತಂದು ದೇವರ ಮುಂದಿಟ್ಟರು. "ಚೆನ್ನಾಗಿ ಬಂದೈತೆ. ಹುಡುಗಿ ಕೈ ಒಳ್ಳೇದು" ಎಂದರು. ಹೊಟ್ಟೆಕಿಚ್ಚಿನ ಒಂದು ಎಳೆಯೂ ಆ ಮಾತಿನಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮುಂದಿನ ವರ್ಷ ಮಳೆ ಬಿದ್ದ ಮಾರನೆಯ ದಿನ ನಮ್ಮ ಜಗಲಿಗೆ ಯಾರೂ ಬರಲಿಲ್ಲ. ಅತ್ತೆ ಎಂದಿನಂತೆ ಬೇಗ ಎದ್ದು, ತಲೆ ಬಾಚಿ, ಗಟ್ಟಿ ಸೀರೆಯುಟ್ಟು ಕುಳಿತಿದ್ದರು. ಬಿಸಿಲು ಏರುವವರೆಗೂ ಕುಳಿತಿದ್ದು, ಆಮೇಲೆ ಒಳಗೆ ಹೋಗಿ ಹಳೆಯ ಸೀರೆಗೆ ಬದಲಾಯಿಸಿಕೊಂಡು ಬಂದರು. ಯಾರೂ ಅವರನ್ನು ಹೀಯಾಳಿಸಲಿಲ್ಲ, ಬೈಯಲಿಲ್ಲ. ಕರೆಯಲಿಲ್ಲ, ಅಷ್ಟೇ.

ಊರು ಅಲ್ಲಿಗೇ ನಿಲ್ಲಿಸಿತು. ಅತ್ತೆ ನಿಲ್ಲಿಸಲಿಲ್ಲ. ಹಿತ್ತಲಲ್ಲಿ ಕುಂಬಳದ ಬೀಜ ಊರಬೇಕಾದರೆ, "ನೀನೇ ಇಡಮ್ಮ, ನನ್ನ ಕೈ ಬೇಡ" ಎನ್ನುತ್ತಿದ್ದರು. ಹಾಲಿಗೆ ಹೆಪ್ಪು ಹಾಕುವುದನ್ನೂ ನನಗೇ ಬಿಟ್ಟರು. ಸಂಜೆ ನಾನು ಬಸ್ಸಿಳಿದು ಬಂದು ಕೈಕಾಲು ತೊಳೆಯುವವರೆಗೆ ಹಾಲು ಕಾಯುತ್ತಿತ್ತು. ನನ್ನ ಕೈಗೆ ಒಂದೊಂದಾಗಿ ಕೆಲಸ ಸೇರುತ್ತಾ ಹೋಯಿತು, ನಾನು ಒಂದಕ್ಕೂ ಗೊಣಗುವಂತಿರಲಿಲ್ಲ. ಒಮ್ಮೊಮ್ಮೆ ಮಾತ್ರ ಅವರು ಯಾವುದೋ ಮಾತಿನ ನಡುವೆ, "ಆ ವರ್ಷ ನೆಲದಾಗೇ ಏನೋ ಇತ್ತು ಕಣಮ್ಮ. ಇಲ್ದಿದ್ರೆ ಹುಚ್ಚೆಳ್ಳು ಹುಟ್ದೇ ಇರುತ್ತಾ?" ಎನ್ನುತ್ತಿದ್ದರು. ನಾನು "ಹೂಂ ಅತ್ತೆ" ಎನ್ನುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡಬೇಕು ಎನ್ನಿಸುತ್ತಿತ್ತು. ಪ್ರತಿ ಸಲವೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ದಿನ ಹೋದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತಲೇ ಹೋಯಿತು.

ತೊಂಬತ್ತರ ದಶಕ ಬಂತು. ನಮ್ಮ ಹೊಲದಲ್ಲಿ ಕೊಳವೆಬಾವಿ ಬಿತ್ತು. ಅಕ್ಕಡಿ ಸಾಲುಗಳು ಊರಿನಲ್ಲೇ ಕಡಿಮೆಯಾದವು; ರಾಗಿಯ ನಡುವೆ ಬೇರೆ ಗಿಡವಿದ್ದರೆ ಕೊಯ್ಲಿಗೆ ತೊಡಕು ಎಂದು ಹುಚ್ಚೆಳ್ಳನ್ನು ಬದುವಿಗೆ ತಳ್ಳಿದರು, ಆಮೇಲೆ ಬದುವಿನಿಂದಲೂ ತಳ್ಳಿದರು. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೂ ಕಳಿಸಿದರೆ ಒಳ್ಳೆಯದೆಂದು ಯಜಮಾನರು ಅರ್ಧ ಎಕರೆಗೆ ಸೇವಂತಿಗೆ ಹಾಕಲು ಹೊರಟರು. ಚಿಂತಾಮಣಿ ಕಡೆಯ ನೆಂಟರ ತೋಟದಿಂದ ಸಸಿ ತರಿಸಿದ್ದಾಯಿತು. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ, ನಾನೂ ಹೊಲಕ್ಕೆ ಹೋಗಿದ್ದೆ. ಸಾಲು ಹೊಡೆದು ನೀರು ಬಿಟ್ಟ ಮೇಲೆ ಯಜಮಾನರು ಮೊದಲ ಸಸಿಯನ್ನು ತಾಯಿಯ ಮುಂದೆ ಹಿಡಿದು, "ನೀನೇ ನೆಟ್ಬಿಡಮ್ಮ" ಎಂದರು. ಅವರಿಗೆ ಹಳೆಯದೆಲ್ಲ ಮರೆತುಹೋಗಿತ್ತು.

ಅತ್ತೆ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ದುಡ್ಡು ಸುರಿದು ತಂದಿದ್ದೀಯ. ಸೊಸೆ ಕೈಲಿ ನೆಡ್ಸು" ಎಂದರು. ಮದುವೆಮನೆಯ ಗೋಡೆಯ ಪಕ್ಕ ನಿಲ್ಲುತ್ತಾರಲ್ಲ, ಹಾಗೆಯೇ ಬದುವಿನ ಮೇಲೆ ನಿಂತರು.

ನಾನು ನೆಟ್ಟೆ. ನೆಡುವಾಗ ಕಣ್ಣು ಮಂಜಾಗಿ ಸಸಿಯ ಬೇರು ಯಾವುದು, ಮಣ್ಣು ಯಾವುದು ಕಾಣಲಿಲ್ಲ. ಮಧ್ಯಾಹ್ನ ಯಜಮಾನರು ಮೋಟಾರು ನೋಡಲು ಹೋದರು. ನಾವಿಬ್ಬರೇ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅವರಿಗೆ ಮುದ್ದೆ ಮುರಿದು ಕೊಡುತ್ತಾ, ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟೆ. ಎರಡು ಡಬ್ಬ, ಹುರಿದ ಕಾಳು, ಒರಳು, ಅಂದು ಸಂಜೆ ಗೊತ್ತಿದ್ದೇ ಬೀಜ ತಂದುಕೊಟ್ಟಿದ್ದು, ಒಂದನ್ನೂ ಬಿಡಲಿಲ್ಲ. "ನಿಮ್ಮ ಕೈದು ಏನೂ ತಪ್ಪಿಲ್ಲ ಅತ್ತೆ. ನಿಮ್ಮ ಕೈ ಚೆನ್ನಾಗೇ ಇತ್ತು. ನಾನೇ ಪಾಪಿ" ಎಂದೆ.

ಬೈಯುತ್ತಾರೆಂದು ಕಾದೆ. ಬೈದರೆ ಸಾಕು ಎಂದು ಆಸೆಯಿಂದಲೇ ಕಾದೆ. ಅವರು ಬೈಯಲಿಲ್ಲ. ತಿನ್ನುವುದನ್ನು ನಿಲ್ಲಿಸಿ, ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು.

"ಹುರಿದಿದ್ದಾ?"

"ಹೂಂ ಅತ್ತೆ."

"ಹುರಿದ್ರೆ ಹಗುರಾಗುತ್ತೆ ಕಣಮ್ಮ ಕಾಳು. ಬೆರಳಾಗೆ ನಿಲ್ಲಲ್ಲ, ಜಾರುತ್ತೆ."

"ಮರಳು ಬೆರೆಸಿದ್ದೆನಲ್ಲ ಅತ್ತೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಯಾರಿಗೋ ಅಲ್ಲ, ನನಗೆ ಗೊತ್ತಾಗ್ಬೇಕಿತ್ತು. ಮದುವೆ ಆದ ವರ್ಷದಿಂದ ಹಿಡಿದಿದ್ದೀನಿ ಅದನ್ನ." ಮತ್ತೆ ಹೇಳಿದರು, ನನಗಲ್ಲ, ಕೈಗೇ ಹೇಳಿದಂತೆ: "ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮುಷ್ಟಿ ಮುಷ್ಟಿ ಹಿಡಿದೆ. ಸತ್ತಿರೋದು, ಜೀವ ಇರೋದು, ಎರಡೂ ಒಂದೇ ಆಯ್ತಲ್ಲ ನನಗೆ. ಹಂಗಾದ್ರೆ ಊರೋರು ಹೇಳಿದ್ದು ಸುಳ್ಳಲ್ಲ. ಅಷ್ಟು ವರ್ಷಾನೂ ನಾನು ಸುಮ್ನೆ ಕಾಳು ನೆಲದ ಮೇಲೆ ಹಾಕ್ತಿದ್ದೆ."

ಅಷ್ಟು ವರ್ಷ ಅವರಿಗೆ ಆ ನೆಲದ ಮೇಲಿನ ಅನುಮಾನವೊಂದು ಉಳಿದಿತ್ತು. ತಮ್ಮ ಕೈಯನ್ನು ನಂಬಲು ಅವರ ಪಾಲಿಗೆ ಇದ್ದದ್ದು ಅದೊಂದೇ. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅದನ್ನೂ ಕಿತ್ತುಕೊಂಡೆ.

ಅತ್ತೆ ಎದ್ದು, ಕೊಳವೆಬಾವಿಯ ಕಾಲುವೆಯಲ್ಲಿ ಕೈ ತೊಳೆದುಕೊಂಡರು. ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ ಕೇಳಿದರು: "ಇಷ್ಟ್ ವರ್ಷ ಹೇಳ್ದೇ ಇದ್ಯಲ್ಲಮ್ಮ. ಇನ್ನೊಂದ್ ಸ್ವಲ್ಪ ದಿನ ಇರಬಾರದಾಗಿತ್ತಾ?"